ಸಂಜೆ ಆರರ ನಂತರ ಎಂಎಸ್ಸಿ: ಲಂಡನ್ನಿನ ಬರ್ಕ್‌ಬೆಕ್‌ನಲ್ಲಿ ಆರ್ಗನೈಸೇಷನಲ್ ಸೈಕಾಲಜಿ

ಎಚ್‌ಆರ್‌ನಲ್ಲಿ ಏಳೆಂಟು ವರ್ಷ ಕಳೆದವರು, ಟೀಮ್ ನಡೆಸಿ ಹಣ್ಣಾದ ಐಟಿ ಮ್ಯಾನೇಜರುಗಳು, ಸಂಗಾತಿಯ ಕೆಲಸದ ಮೇಲೆ ಲಂಡನ್ನಿಗೆ ಬಂದು ನಿಂತುಹೋದ ಓದನ್ನು ಮುಂದುವರಿಸಬೇಕೆನ್ನುವವರು. ಈ ಮೂರೂ ಬಗೆಯ ಕನ್ನಡಿಗರ ಪ್ರಶ್ನೆ ಒಂದೇ: ಕೆಲಸ, ಮನೆ ಎರಡನ್ನೂ ಬಿಡದೆ ಉದ್ಯೋಗ ಮನಃಶಾಸ್ತ್ರದಲ್ಲಿ (ಆರ್ಗನೈಸೇಷನಲ್ ಸೈಕಾಲಜಿ) ಎಂಎಸ್ಸಿ ಮಾಡಬಹುದೇ, ಕೊಟ್ಟ ದುಡ್ಡಿಗೆ ತಕ್ಕ ಓದು ಸಿಗುತ್ತದೆಯೇ? ಮಾಡಬಹುದು, ಸಿಗುತ್ತದೆ. ಆದರೆ ನಾಯಕತ್ವದ ಮಾತುಗಾರಿಕೆ ಕಲಿಸುತ್ತಾರೆ ಎಂದುಕೊಂಡು ಹೋದವರಿಗೆ ಮೊದಲ ಟರ್ಮಿನಲ್ಲೇ ನಿರಾಸೆ ಕಾದಿರುತ್ತದೆ. ಇದು ಅಳತೆಯ ಕೋರ್ಸು. ಮನುಷ್ಯರನ್ನು, ಅವರ ಕೆಲಸವನ್ನು, ಅವರ ಆಯಾಸವನ್ನು ಹೇಗೆ ಅಳೆಯುವುದು, ಅಳತೆ ಎಲ್ಲಿ ಕೆಡುತ್ತದೆ ಎಂಬುದೇ ಇದರ ತಿರುಳು. ಈ ಕೋರ್ಸಿನ ಬೆಲೆ ಇರುವುದೂ ಅಲ್ಲಿಯೇ.

ಬರ್ಕ್‌ಬೆಕ್ ಸಂಜೆಗೆಂದೇ ಹುಟ್ಟಿದ ಕಾಲೇಜು. ದುಡಿಯುವ ಕುಶಲಕರ್ಮಿಗಳಿಗಾಗಿ 1823ರಲ್ಲಿ ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಲ್ಲಿ ಶುರುವಾಗಿ, 1920ರಲ್ಲಿ ಲಂಡನ್ ವಿಶ್ವವಿದ್ಯಾಲಯದೊಳಗೆ ಸೇರಿತು. ಸಂಜೆ ಆರರಿಂದ ಒಂಬತ್ತರವರೆಗೆ ಪಾಠ ಎನ್ನುವುದು ಇಲ್ಲಿಯ ಹಳೆಯ ಪದ್ಧತಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬ್ರಿಟನ್ನಿನ ಬೇರೆ ಅನೇಕ ಕಡೆ ಪಾರ್ಟ್‌ಟೈಮ್ ಎಂದರೆ ಫುಲ್‌ಟೈಮ್ ವಿದ್ಯಾರ್ಥಿಗಳ ಹಗಲು ತರಗತಿಯಲ್ಲೇ ಅರ್ಧ ವಿಷಯಗಳಿಗೆ ಕೂರುವುದು. ಅಂದರೆ ವಾರದ ನಡುವೆ ಒಂದು ಪೂರ್ತಿ ದಿನ ರಜೆ, ಅದೂ ಎರಡು ವರ್ಷ. ಅಷ್ಟು ರಜೆ ಕೊಡುವ ಕಂಪನಿ ಅಪರೂಪ. ಜಾಹೀರಾತಿನಲ್ಲಿ 'ಪಾರ್ಟ್‌ಟೈಮ್' ಎಂಬ ಒಂದೇ ಪದ ನೋಡಿ ಶುಲ್ಕ ಕಟ್ಟಿದವರು ಎಡವುವುದು ಇಲ್ಲೇ. ಯಾವ ಕಾಲೇಜಾದರೂ ಸರಿ, ಹಿಂದಿನ ವರ್ಷದ ವೇಳಾಪಟ್ಟಿ ಕೇಳಿ ಪಡೆಯಿರಿ; ಮುಂದಿನ ವರ್ಷದ್ದು ಇನ್ನೂ ಬಂದಿಲ್ಲ ಎಂದರೂ ಹಿಂದಿನದು ಇದ್ದೇ ಇರುತ್ತದೆ.

ಕಾಲೇಜಿನ ಮುಖ್ಯ ಕಟ್ಟಡ ಬ್ಲೂಮ್ಸ್‌ಬರಿಯ ಮ್ಯಾಲೆಟ್ ಸ್ಟ್ರೀಟ್‌ನಲ್ಲಿದೆ. ರಸೆಲ್ ಸ್ಕ್ವೇರ್ ಅಥವಾ ಗೂಜ್ ಸ್ಟ್ರೀಟ್ ಟ್ಯೂಬ್ ನಿಲ್ದಾಣದಿಂದ ನಡೆದೇ ಹೋಗಬಹುದು. ಒಂದು ಬೀದಿ ಆಚೆ ಗೋವರ್ ಸ್ಟ್ರೀಟ್, ಅಲ್ಲಿ ಯೂನಿವರ್ಸಿಟಿ ಕಾಲೇಜ್. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಃಶಾಸ್ತ್ರದ ಪ್ರಾಧ್ಯಾಪಕರು. ಇದೇ ಯೂನಿವರ್ಸಿಟಿ ಕಾಲೇಜಿನಲ್ಲಿ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಓದಿ ಬಂದು ಮೈಸೂರು ವಿಶ್ವವಿದ್ಯಾಲಯದಲ್ಲಿ ಆ ವಿಭಾಗವನ್ನು ಕಟ್ಟಿದವರು. ಬುದ್ಧಿಶಕ್ತಿಗೆ ಒಂದು ಸಾಮಾನ್ಯ ಅಂಶವಿದೆ ಎಂಬ ಸ್ಪಿಯರ್‌ಮನ್ ಅವರ ವಾದವನ್ನು ಇಂದಿಗೂ ಈ ಎಂಎಸ್ಸಿಯ ನೇಮಕಾತಿ ಪಾಠದಲ್ಲಿ ಎಳೆದಾಡುತ್ತಾರೆ. ಈ ವಿದ್ಯೆಗೂ ನಮ್ಮ ನೆಲಕ್ಕೂ ನಂಟು ಹೊಸದಲ್ಲ.

ಈಗ ಗಂಟೆಗಳ ಲೆಕ್ಕ. ಬ್ರಿಟನ್ನಿನ ಎಂಎಸ್ಸಿ ಎಂದರೆ 180 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 10 ಗಂಟೆ ಓದು, ಒಟ್ಟು 1,800 ಗಂಟೆ. ಎರಡು ವರ್ಷದ 104 ವಾರಕ್ಕೆ ಹಂಚಿದರೆ ವಾರಕ್ಕೆ 17 ಗಂಟೆಗಿಂತ ಸ್ವಲ್ಪ ಹೆಚ್ಚು, ಅದೂ ಕ್ರಿಸ್‌ಮಸ್ಸಿಗೂ ಊರಿಗೆ ಬರುವ ರಜೆಗೂ ಒಂದು ದಿನವೂ ಬಿಡದಿದ್ದರೆ. 15 ಕ್ರೆಡಿಟ್ಟಿನ ಒಂದು ವಿಷಯವನ್ನು ತೆಗೆದುಕೊಳ್ಳಿ: 150 ಗಂಟೆ. ಹತ್ತು ವಾರ, ವಾರಕ್ಕೆ ಮೂರು ಗಂಟೆ ತರಗತಿ ಎಂದರೆ 30 ಗಂಟೆ ಆಯಿತು. ಉಳಿದ 120 ಗಂಟೆ ನಿಮ್ಮದೇ ಓದು, ನಿಮ್ಮದೇ ಬರವಣಿಗೆ. 'ವಾರಕ್ಕೆರಡು ಸಂಜೆ ತಾನೆ' ಎಂದು ಮನೆಯಲ್ಲಿ ಹೇಳಿ ಸೇರುವವರು ಈ 120 ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಎರಡು ಸಂಜೆಯ ಜೊತೆಗೆ ಶನಿವಾರ ಪೂರ್ತಿ, ಇನ್ನೊಂದು ದಿನ ಬೆಳಗ್ಗೆ ಎರಡು ಗಂಟೆಯ ಓದು: ಇಷ್ಟನ್ನು ಮನೆಯವರ ಜೊತೆ ಮಾತಾಡಿ ಗೊತ್ತುಮಾಡಿಕೊಂಡ ಮೇಲೆಯೇ ಅರ್ಜಿ ಹಾಕಿ. ಮಧ್ಯೆ ನಿಲ್ಲಿಸಬೇಕಾಗಿ ಬಂದರೂ ಪೂರ್ತಿ ನಷ್ಟವಿಲ್ಲ. ಸಾಮಾನ್ಯವಾಗಿ 60 ಕ್ರೆಡಿಟ್ ಮುಗಿದಿದ್ದರೆ ಪಿಜಿ ಸರ್ಟಿಫಿಕೇಟ್, 120 ಮುಗಿದಿದ್ದರೆ ಪಿಜಿ ಡಿಪ್ಲೊಮಾ ಸಿಗುತ್ತದೆ.

ಪಾಠದ ವಿಷಯಗಳನ್ನು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ, ಅಂದರೆ ಬಿಪಿಎಸ್, ಐದು ಭಾಗ ಮಾಡಿದೆ: ಮನಃಶಾಸ್ತ್ರೀಯ ಮೌಲ್ಯಮಾಪನ, ಕಲಿಕೆ ಮತ್ತು ತರಬೇತಿ, ನಾಯಕತ್ವ ಮತ್ತು ಪ್ರೇರಣೆ, ಕೆಲಸದಲ್ಲಿ ಸ್ವಾಸ್ಥ್ಯ, ಕೆಲಸದ ವಿನ್ಯಾಸ ಮತ್ತು ಸಂಸ್ಥೆಯ ಬದಲಾವಣೆ. ಇವುಗಳ ಮೇಲೆ ಸಂಶೋಧನಾ ವಿಧಾನ, ಕೊನೆಗೆ ಡಿಸರ್ಟೇಷನ್, ಅಂದರೆ ಸ್ವಂತ ಸಂಶೋಧನೆಯ ಪ್ರಬಂಧ. ಐದರಲ್ಲಿ ಅತಿ ಗಟ್ಟಿಯಾದದ್ದು ಮೊದಲನೆಯದು.

ಬರ್ಕ್‌ಬೆಕ್‌ನಲ್ಲಿ 1960ರ ದಶಕದ ಆರಂಭದಲ್ಲಿ ಈ ವಿಭಾಗವನ್ನು ಕಟ್ಟಿದ ಆಲೆಕ್ ರಾಜರ್ ಅವರು ಸಂದರ್ಶಕರಿಗೆ ಏಳು ಅಂಶಗಳ ಒಂದು ಚೌಕಟ್ಟು ಕೊಟ್ಟಿದ್ದರು: ಮೈಕಟ್ಟು, ಸಾಧನೆ, ಸಾಮಾನ್ಯ ಬುದ್ಧಿ, ವಿಶೇಷ ಸಾಮರ್ಥ್ಯ, ಆಸಕ್ತಿ, ಸ್ವಭಾವ, ಮನೆಯ ಪರಿಸ್ಥಿತಿ. ಅದರಲ್ಲಿ 'ಮನೆಯ ಪರಿಸ್ಥಿತಿ' ಎಂಬುದನ್ನು ಇಂದು ಕೇಳಲು ಹೋದರೆ ಬ್ರಿಟನ್ನಿನ 2010ರ ಈಕ್ವಾಲಿಟಿ ಆಕ್ಟ್ (ಸಮಾನತೆಯ ಕಾಯ್ದೆ) ಅಡ್ಡ ಬರಬಹುದು. ಮಕ್ಕಳಿದ್ದಾರೆಯೇ, ಯಾರು ನೋಡಿಕೊಳ್ಳುತ್ತಾರೆ ಎಂದು ಹೆಂಗಸರನ್ನು ಮಾತ್ರ ಕೇಳುವ ಸಂದರ್ಶನ ಬೆಂಗಳೂರಿನಲ್ಲಿ ಇನ್ನೂ ನಿಂತಿಲ್ಲ. ಹಾಗೆ ಕೇಳಿದ ಪ್ರಶ್ನೆ ಅನ್ಯಾಯ ಎಂಬುದು ಎಲ್ಲರಿಗೂ ಗೊತ್ತು. ಕೆಲಸದ ಬಗ್ಗೆ ಅದು ಏನನ್ನೂ ಮುಂಚಿತವಾಗಿ ಹೇಳುವುದಿಲ್ಲ ಎಂಬುದನ್ನು ಅಂಕಿಯಲ್ಲಿ ತೋರಿಸುವ ದಾರಿ ಈ ಪಾಠದಲ್ಲಿದೆ.

ಆ ಅಂಕಿಗಳ ಕಥೆಯೇ ಸ್ವಾರಸ್ಯಕರ. 1998ರಲ್ಲಿ ಅಮೆರಿಕದ ಸಂಶೋಧಕರಾದ ಷ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಹಾಕಿ, ಸಾಮಾನ್ಯ ಬುದ್ಧಿ ಪರೀಕ್ಷೆಗೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧ 0.51 (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ), ರಚನಾಬದ್ಧ ಸಂದರ್ಶನಕ್ಕೂ, ಅಂದರೆ ಎಲ್ಲರಿಗೂ ಅದೇ ಪ್ರಶ್ನೆ ಕೇಳಿ ಅದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೂ, ಅಷ್ಟೇ ಎಂದರು. ಎರಡು ದಶಕ ಎಲ್ಲ ಎಚ್‌ಆರ್ ಸ್ಲೈಡುಗಳಲ್ಲಿ ಇದೇ ಅಂಕಿ ಓಡಾಡಿತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದಾಗ ಬುದ್ಧಿ ಪರೀಕ್ಷೆ 0.31ಕ್ಕೆ ಇಳಿಯಿತು, ರಚನಾಬದ್ಧ ಸಂದರ್ಶನ 0.42ರೊಂದಿಗೆ ಮೇಲೆ ನಿಂತಿತು. ಮಧ್ಯೆ ಆದದ್ದೇನು? ಕೆಲಸಕ್ಕೆ ತೆಗೆದುಕೊಂಡವರ ಸಾಧನೆ ಮಾತ್ರ ನಮಗೆ ಕಾಣುತ್ತದೆ, ಬೇಡವೆಂದು ಕಳಿಸಿದವರು ಹೇಗೆ ಮಾಡುತ್ತಿದ್ದರೋ ಗೊತ್ತಾಗುವುದಿಲ್ಲ. ಆ ಕೊರತೆ ತುಂಬಲು ಅಂಕಿಯನ್ನು ಮೇಲಕ್ಕೆ ತಿದ್ದುವುದು ರೂಢಿ. ಆ ತಿದ್ದುಪಡಿ ಅನ್ವಯಿಸದ ಅಧ್ಯಯನಗಳಿಗೂ ಅದನ್ನೇ ಹಚ್ಚಿದ್ದರಿಂದ ಅಂಕಿ ಉಬ್ಬಿತ್ತು. ಇದನ್ನು ಅರ್ಥಮಾಡಿಕೊಂಡವರು ಮುಂದೆ ಯಾವ ಕಂಪನಿ 'ನಮ್ಮ ಪರೀಕ್ಷೆ ಶೇ 90 ನಿಖರ' ಎಂದು ಮಾರಲು ಬಂದರೂ ಮೊದಲು ಕೇಳುವುದು 'ಯಾರ ಮೇಲೆ ಅಳೆದಿರಿ, ಯಾವ ತಿದ್ದುಪಡಿ ಮಾಡಿದಿರಿ' ಎಂದೇ. ಒಬ್ಬ ಎಚ್‌ಆರ್ ಮ್ಯಾನೇಜರಿಗೆ ಇಷ್ಟು ಬಂದರೆ ಶುಲ್ಕದ ದೊಡ್ಡ ಪಾಲು ವಸೂಲಾದಂತೆ.

ಇನ್ನೊಂದು ಕೈಕೆಲಸ ಕೆಲಸದ ವಿಶ್ಲೇಷಣೆ. ಅದರಲ್ಲಿ ರೆಪರ್ಟರಿ ಗ್ರಿಡ್ ಎಂಬ ವಿಧಾನವನ್ನು ಮಾಡಿಯೇ ನೋಡಬೇಕು. ಒಂಬತ್ತು ಚೀಟಿ, ಒಂದೊಂದರ ಮೇಲೆ ಒಬ್ಬ ನೌಕರರ ಹೆಸರು: ಮೂವರು ಚೆನ್ನಾಗಿ ಮಾಡುವವರು, ಮೂವರು ನಡುವಿನವರು, ಮೂವರು ಹಿಂದುಳಿದವರು. ಮೂರು ಚೀಟಿ ತೆಗೆದು ಮೇಲಧಿಕಾರಿಯ ಮುಂದಿಟ್ಟು, 'ಯಾವ ಇಬ್ಬರು ಒಂದು ಥರ, ಮೂರನೆಯವರು ಹೇಗೆ ಬೇರೆ?' ಎಂದು ಕೇಳುವುದು. ಮೊದಲ ಉತ್ತರ ಯಾವಾಗಲೂ ಒಂದೇ: 'ಇವರಿಬ್ಬರಿಗೂ ಕೆಲಸದ ಮೇಲೆ ಶ್ರದ್ಧೆ ಇದೆ, ಇವನಿಗೆ ಇಲ್ಲ.' ಅದನ್ನು ಬರೆದುಕೊಂಡು ಎದ್ದು ಬಂದರೆ ಏನೂ ಸಿಗಲಿಲ್ಲ. 'ಶ್ರದ್ಧೆ ಅಂದರೆ ಏನು ಮಾಡುತ್ತಾರೆ ಸಾರ್? ಕೊನೆಯ ಸಲ ಯಾವಾಗ ಕಂಡಿರಿ?' ಎಂದು ಇಳಿದು ಇಳಿದು ಕೇಳಬೇಕು. ಮೂರನೆಯ ಸುತ್ತಿಗೆ ಬರುತ್ತದೆ: 'ತಪ್ಪಾದ ದಿನವೇ ಬಂದು ಹೇಳುತ್ತಾರೆ. ಇವನದು ಕಸ್ಟಮರ್ ಫೋನ್ ಮಾಡಿದ ಮೇಲೆ ಗೊತ್ತಾಗುತ್ತೆ.' ಇದು ಕಣ್ಣಿಗೆ ಕಾಣುವ ನಡತೆ. ಇದರಿಂದ ಸಂದರ್ಶನದ ಪ್ರಶ್ನೆ ಕಟ್ಟಬಹುದು, 1ರಿಂದ 5ರವರೆಗೆ ಅಂಕದ ಮೆಟ್ಟಿಲನ್ನೂ ಬರೆಯಬಹುದು. ಕೆಡುವುದು ಎಲ್ಲಿ ಎಂದರೆ, ಉತ್ತರ ತಡವಾದಾಗ ಕೇಳುವವರೇ 'ಪ್ರಾಮಾಣಿಕತೆನಾ ಸಾರ್?' ಎಂದು ಪದ ಒದಗಿಸುವಲ್ಲಿ. ಆಮೇಲೆ ಎಲ್ಲ ಚೀಟಿಗೂ ಅದೇ ಪದ ಬರುತ್ತದೆ.

ನೇಮಕದಲ್ಲಿ ಒಂದು ಗುಂಪಿಗೆ ಅನ್ಯಾಯವಾಯಿತೇ ಎಂದು ನೋಡುವ ಐದರಲ್ಲಿ ನಾಲ್ಕು ಪಾಲಿನ (ಅಂದರೆ 0.8ರ) ನಿಯಮವೂ ಕೈಯಲ್ಲಿರಬೇಕು. 100 ಗಂಡಸರಲ್ಲಿ 50 ಮಂದಿ ಆಯ್ಕೆ, 60 ಹೆಂಗಸರಲ್ಲಿ 18 ಮಂದಿ ಆಯ್ಕೆ ಎನ್ನಿ. ಶೇ 50 ಮತ್ತು ಶೇ 30. 30ನ್ನು 50ರಿಂದ ಭಾಗಿಸಿದರೆ 0.6. ಇದು 0.8ಕ್ಕಿಂತ ಕಡಿಮೆಯಾದ್ದರಿಂದ ಯಾವ ಹಂತದಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಅಮೆರಿಕದ 1978ರ ಮಾರ್ಗಸೂಚಿಯಿಂದ ಬಂದ ನಿಯಮ ಇದು. ಬ್ರಿಟನ್ನಿನಲ್ಲಿ ಕಾನೂನಲ್ಲ, ಆದರೆ ಎಚ್ಚರಿಕೆಯ ಗಂಟೆಯಾಗಿ ಬಳಸುತ್ತಾರೆ.

ಸ್ವಾಸ್ಥ್ಯದ ಭಾಗದಲ್ಲಿ ಉಪಯೋಗಕ್ಕೆ ಬರುವುದು ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ ರೂಪಿಸಿದ ಆರು ಮಾನದಂಡಗಳು: ಕೆಲಸದ ಹೊರೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರದ ಸ್ಪಷ್ಟತೆ, ಬದಲಾವಣೆ. ಇವನ್ನು ಅಳೆಯಲು 35 ಪ್ರಶ್ನೆಗಳ ಉಚಿತ ಪತ್ರಿಕೆಯಿದೆ. ಒತ್ತಡಕ್ಕೆ ಯೋಗ, ಧ್ಯಾನದ ತರಗತಿ ಇಡುವ ಕಂಪನಿ ಮೊದಲು ಈ ಪತ್ರಿಕೆ ಹಂಚಿದರೆ, ಕಾಯಿಲೆ ನೌಕರನ ತಲೆಯಲ್ಲಿಲ್ಲ, ಶಿಫ್ಟಿನ ಪಟ್ಟಿಯಲ್ಲಿದೆ ಎಂದು ಎಷ್ಟೋ ಸಲ ಕಂಡುಬರುತ್ತದೆ. ಸಮೀಕ್ಷೆ ಮಾಡಿ ಫಲಿತಾಂಶ ಹೇಳದೆ ಕೂತರೆ ಮಾತ್ರ ಮುಂದಿನ ಸಲ ಯಾರೂ ಬರೆಯುವುದಿಲ್ಲ. ಸಮೀಕ್ಷೆ ಹಂಚುವ ಮೊದಲೇ ಫಲಿತಾಂಶದ ಸಭೆಯ ದಿನಾಂಕ ಗೊತ್ತುಮಾಡುವುದು ಒಳ್ಳೆಯದು.

ಕೊರತೆಯೂ ಇದೆ. ಓದಿಸುವ ಸಂಶೋಧನೆಯ ಬಹುಪಾಲು ಬ್ರಿಟನ್, ಅಮೆರಿಕ, ನೆದರ್ಲೆಂಡ್ಸ್‌ನ ಕಚೇರಿಗಳದ್ದು. ಗುತ್ತಿಗೆ ಕಾರ್ಮಿಕರು, ಮಾಲೀಕರ ಮಗನೇ ಎಂ.ಡಿ. ಆಗಿರುವ ಕಾರ್ಖಾನೆ, 'ಎಲ್ಲ ಚೆನ್ನಾಗಿದೆ ಸಾರ್' ಎಂದು ಐದಕ್ಕೆ ಐದು ಹಾಕುವ ನೌಕರ, ಇವರೆಲ್ಲ ಆ ಪುಟಗಳಲ್ಲಿ ಸಿಗುವುದಿಲ್ಲ. ಕೆಲಸದ ವಿನ್ಯಾಸದ ಪಾಠದಲ್ಲಿ ಮಾತ್ರ ಭಾರತ ನಡುಮನೆಗೇ ಬರುತ್ತದೆ: ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ಸ್ವಯಂಚಾಲಿತ ಮಗ್ಗಗಳ ಶೆಡ್ಡಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಚೂರು ಕೆಲಸ ಎಂಬ ಪದ್ಧತಿ ಬಿಟ್ಟು, ಸಣ್ಣ ಗುಂಪಿಗೆ ಒಟ್ಟಾಗಿ ಮಗ್ಗಗಳ ಜವಾಬ್ದಾರಿ ಕೊಟ್ಟು ನೋಡಿದ ಪ್ರಯೋಗ. ನಾಯಕತ್ವದ ಪ್ರಬಂಧ ಬರೆಯುವಾಗ ಭಾರತದ ಮನಃಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ ಅವರ 'ಪೋಷಿಸುತ್ತ ಕೆಲಸ ತೆಗೆಯುವ ನಾಯಕ' ಎಂಬ ಕಲ್ಪನೆಯನ್ನು ನೀವೇ ಹುಡುಕಿ ತಂದು ಸೇರಿಸಬೇಕು. ಸೇರಿಸಿದರೆ ಪ್ರಬಂಧಕ್ಕೆ ತೂಕ ಬರುತ್ತದೆ. ತೇರ್ಗಡೆಗೆ ಸಾಮಾನ್ಯವಾಗಿ 50 ಅಂಕ, ಡಿಸ್ಟಿಂಕ್ಷನ್‌ಗೆ 70. ನಮ್ಮಲ್ಲಿ 90 ಕಂಡವರಿಗೆ ಇಲ್ಲಿಯ 62 ಸೋಲಿನಂತೆ ಕಾಣುತ್ತದೆ, ಅದು ಒಳ್ಳೆಯ ಅಂಕವೇ.

ಡಿಸರ್ಟೇಷನ್ ಸಾಮಾನ್ಯವಾಗಿ 60 ಕ್ರೆಡಿಟ್, ಅಂದರೆ ಕೋರ್ಸಿನ ಮೂರನೇ ಒಂದು ಪಾಲು. ಪಾರ್ಟ್‌ಟೈಮ್ ಓದುವವರು ಮುಗ್ಗರಿಸುವುದು ಇದರಲ್ಲೇ, ಕಾರಣವೂ ಪ್ರತಿಸಲ ಅದೇ: ತಡವಾಗಿ ಶುರುಮಾಡುವುದು, ಸ್ಯಾಂಪಲ್ ಸಾಲದಿರುವುದು. ಉದಾಹರಣೆಗೆ, ಮೇಲಧಿಕಾರಿಯ ಬೆಂಬಲಕ್ಕೂ ನೌಕರರ ಬಳಲಿಕೆಗೂ 0.30ರಷ್ಟು ಸಂಬಂಧ ಇರಬಹುದೆಂದು ಊಹಿಸಿದ್ದೀರಿ. ಅದನ್ನು ಶೇ 80 ಖಾತ್ರಿಯಲ್ಲಿ ಹಿಡಿಯಲು ಸುಮಾರು 85 ಜನ ಬೇಕು. ಎರಡನ್ನೂ ಒಬ್ಬರನ್ನೇ ಒಂದೇ ದಿನ ಕೇಳಿದರೆ, ಆ ದಿನದ ಮನಸ್ಥಿತಿಯೇ ಎರಡೂ ಉತ್ತರಕ್ಕೆ ಬಣ್ಣ ಬಳಿದು ಸಂಬಂಧ ಉಬ್ಬುತ್ತದೆ. ಆದ್ದರಿಂದ ಬೆಂಬಲದ ಪ್ರಶ್ನೆ ಈಗ, ಬಳಲಿಕೆಯ ಪ್ರಶ್ನೆ ಮೂರು ವಾರ ಬಿಟ್ಟು. ಎರಡನೆಯ ಸಲ ಹತ್ತರಲ್ಲಿ ಮೂವರು ಕೈಕೊಡುತ್ತಾರೆ ಎಂದಿಟ್ಟುಕೊಂಡರೆ ಮೊದಲ ಸಲಕ್ಕೆ 122 ಜನ ಬೇಕು. ಕಳಿಸಿದ ಹತ್ತರಲ್ಲಿ ಮೂರೇ ಉತ್ತರ ಬಂದರೆ 400ಕ್ಕೂ ಹೆಚ್ಚು ಜನರಿಗೆ ಕಳಿಸಬೇಕು. 150 ಜನರ ಒಂದು ಕಂಪನಿಯನ್ನು ನಂಬಿ ಕೂತರೆ ಮುಗಿಯುವ ಕೆಲಸವಲ್ಲ. ಮೊದಲ ವರ್ಷದ ಮಾರ್ಚ್ ಹೊತ್ತಿಗೇ ಎರಡು ಮೂರು ಸಂಸ್ಥೆಗಳ ಒಪ್ಪಿಗೆ ಬಾಯಲ್ಲಲ್ಲ, ಇಮೇಲಿನಲ್ಲಿ ಬಂದಿರಬೇಕು.

ಸಂಶೋಧನೆಗೆ ಕಾಲೇಜಿನ ನೈತಿಕ ಅನುಮತಿ (ಎಥಿಕ್ಸ್ ಅಪ್ರೂವಲ್) ಸಿಗುವ ಮೊದಲು ಒಂದು ಉತ್ತರವನ್ನೂ ಸಂಗ್ರಹಿಸಬೇಡಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಆ ಅನುಮತಿಯ ಅರ್ಜಿ ವಾಪಸ್ ಬರುವ ಸಾಮಾನ್ಯ ಕಾರಣಗಳು ಎರಡು. ಒಂದು, ಸಮೀಕ್ಷೆಯ ಕೊಂಡಿಯನ್ನು ಮ್ಯಾನೇಜರೇ ತನ್ನ ಟೀಮಿಗೆ ಕಳಿಸುವುದು. ಬಾಸ್ ಕಳಿಸಿದ್ದನ್ನು ಬೇಡ ಎನ್ನುವ ಸ್ವಾತಂತ್ರ್ಯ ಯಾರಿಗಿದೆ? ಎರಡು, ಹೆಸರು ಕೇಳದೆಯೂ ಗುರುತು ಹಿಡಿಯುವಂತಾಗುವುದು. ವಿಭಾಗ, ವಯಸ್ಸು, ಲಿಂಗ ಮೂರನ್ನೂ ಕೇಳಿದರೆ ಆರು ಜನರ ಅಕೌಂಟ್ಸ್ ವಿಭಾಗದ 50 ದಾಟಿದ ಮಹಿಳೆ ಯಾರೆಂದು ಇಡೀ ಆಫೀಸಿಗೆ ಗೊತ್ತು. ವಯಸ್ಸನ್ನು ಹತ್ತು ವರ್ಷದ ಗುಂಪುಗಳಲ್ಲಿ ಕೇಳಿ, ಹತ್ತಕ್ಕಿಂತ ಕಡಿಮೆ ಜನರ ವಿಭಾಗಗಳನ್ನು ಒಟ್ಟುಗೂಡಿಸಿ.

ಸಂಖ್ಯಾಶಾಸ್ತ್ರದ ಭಯ ಇರುವವರು ಸೇರುವ ಮೂರು ತಿಂಗಳು ಮೊದಲೇ ಜಮೋವಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಸಹಸಂಬಂಧ, ಟಿ-ಪರೀಕ್ಷೆ, ರಿಗ್ರೆಷನ್ ಮೂರನ್ನು ಮಾಡಿ ನೋಡಲಿ. ಇಂಜಿನಿಯರಿಂಗ್ ಓದಿದವರಿಗೆ ಗಣಿತ ಕಷ್ಟವಾಗುವುದಿಲ್ಲ. 2,500 ಪದದ ವಾದ ಕಟ್ಟಿ ಬರೆಯುವುದೇ ಕಷ್ಟ.

ದುಡ್ಡಿನ ವಿಷಯ. ಬ್ರಿಟನ್ನಿನವರ ಶುಲ್ಕ ಬೇರೆ, ವಿದೇಶಿಯರದು ಬೇರೆ, ಅಂತರ ದೊಡ್ಡದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ತೆರಿಗೆ ಕಟ್ಟುತ್ತಿದ್ದೇನೆ ಎಂದ ಮಾತ್ರಕ್ಕೆ ಕಡಿಮೆ ಶುಲ್ಕ ಸಿಗುವುದಿಲ್ಲ. ಸಾಮಾನ್ಯವಾಗಿ ಶಾಶ್ವತ ನೆಲೆಯ ಹಕ್ಕು, ಜೊತೆಗೆ ಮೂರು ವರ್ಷದ ವಾಸ ಬೇಕು. ಇಂಗ್ಲೆಂಡಿನ ಸ್ನಾತಕೋತ್ತರ ಸಾಲ 2025-26ರಲ್ಲಿ ಶುರುವಾದ ಕೋರ್ಸುಗಳಿಗೆ ಗರಿಷ್ಠ 12,858 ಪೌಂಡ್; ವರ್ಷಕ್ಕೆ 21,000 ಪೌಂಡ್ ಮೀರಿದ ಆದಾಯದ ಶೇ 6ರಷ್ಟು ಮರುಪಾವತಿ. ನಮ್ಮವರು ಗಮನಿಸಬೇಕಾದ ಷರತ್ತು ಒಂದಿದೆ: ಈಗಾಗಲೇ ಸ್ನಾತಕೋತ್ತರ ಪದವಿ ಇದ್ದವರಿಗೆ ಈ ಸಾಲವಿಲ್ಲ, ಅದನ್ನು ಯಾವ ದೇಶದಲ್ಲಿ ಪಡೆದಿದ್ದರೂ ಸರಿ. ಬೆಳಗಾವಿಯಲ್ಲಿ ಮಾಡಿದ ಎಂಬಿಎ, ಸುರತ್ಕಲ್ಲಿನ ಎಂಟೆಕ್ ಇಲ್ಲಿ ಅಡ್ಡ ಬರುತ್ತದೆ. ಇನ್ನು ಭಾರತದಿಂದಲೇ ಪಾರ್ಟ್‌ಟೈಮ್ ವಿದ್ಯಾರ್ಥಿ ವೀಸಾ ಮಾಡಿಸಿ ಹೋಗುವ ಯೋಚನೆ ಬೇಡ. ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಕೆಲಸದ ವೀಸಾ ಅಥವಾ ಡಿಪೆಂಡೆಂಟ್ ವೀಸಾದಲ್ಲಿ ಆಗಲೇ ಅಲ್ಲಿರುವವರಿಗೇ ಈ ಸಂಜೆ ತರಗತಿ ಹೊಂದುವುದು.

ಬಿರುದಿನ ಬಗ್ಗೆ ತಿಳಿದುಕೊಂಡೇ ಸೇರಿ. ಬ್ರಿಟನ್ನಿನಲ್ಲಿ 'ಆಕ್ಯುಪೇಷನಲ್ ಸೈಕಾಲಜಿಸ್ಟ್' (ಉದ್ಯೋಗ ಮನಃಶಾಸ್ತ್ರಜ್ಞ) ಎಂಬುದು ಕಾನೂನಿನ ರಕ್ಷಣೆಯಿರುವ ಬಿರುದು. 2009ರಿಂದ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯಾದ ಎಚ್‌ಸಿಪಿಸಿ ನೋಂದಣಿ ಇದ್ದವರು ಮಾತ್ರ ಬಳಸಬಹುದು. ಎಂಎಸ್ಸಿ ಆ ದಾರಿಯ ಮೊದಲ ಹಂತ ಮಾತ್ರ. ಅದಾದ ಮೇಲೆ ಕನಿಷ್ಠ ಎರಡು ವರ್ಷ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ತೋರಿಸಬೇಕು. ಆ ದಾರಿ ಹಿಡಿಯಲು ಸಾಮಾನ್ಯವಾಗಿ ಮನಃಶಾಸ್ತ್ರದ ಮೊದಲ ಪದವಿಯನ್ನು ಬಿಪಿಎಸ್ ಒಪ್ಪಿ, ಚಾರ್ಟರ್ಡ್ ಸದಸ್ಯತ್ವಕ್ಕೆ ಬುನಾದಿಯಾದ ಜಿಬಿಸಿ ಎಂಬ ಅರ್ಹತೆ ಕೊಟ್ಟಿರಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳ ಬಿಎ, ಬಿಎಸ್ಸಿ ಪದವಿಗಳನ್ನು ಅಂಕಪಟ್ಟಿ, ಪಠ್ಯಕ್ರಮ ನೋಡಿ ಒಂದೊಂದಾಗಿ ಪರಿಶೀಲಿಸುತ್ತಾರೆ. ಪಠ್ಯಕ್ರಮದ ಪ್ರತಿಯನ್ನು ಊರಿನಲ್ಲಿದ್ದಾಗಲೇ ಕಾಲೇಜಿನ ಮೊಹರು ಹಾಕಿಸಿ ತಂದಿಟ್ಟುಕೊಳ್ಳಿ. ಒಂದೇ ವಿಭಾಗದಲ್ಲಿ ಹತ್ತಿರ ಹತ್ತಿರದ ಹೆಸರಿನ ಹಲವು ಎಂಎಸ್ಸಿಗಳಿರುತ್ತವೆ, ಎಲ್ಲಕ್ಕೂ ಬಿಪಿಎಸ್ ಮಾನ್ಯತೆ ಇರುವುದಿಲ್ಲ. ಕಾಲೇಜಿನ ಪುಟವನ್ನು ನಂಬದೆ, ಬಿಪಿಎಸ್ ಪಟ್ಟಿಯಲ್ಲಿ ಕೋರ್ಸಿನ ಪೂರ್ತಿ ಹೆಸರು, ನೀವು ಸೇರುವ ವರ್ಷ ಎರಡನ್ನೂ ನೋಡಿ. ಎಚ್‌ಆರ್‌ನಲ್ಲೇ ಮುಂದುವರಿಯುವವರಿಗೆ ಈ ಯಾವುದೂ ಅಡ್ಡಿಯಲ್ಲ.

ಬೆಂಗಳೂರಿನಲ್ಲೇ ಕೂತು ಓದಬೇಕೆನ್ನುವವರಿಗೆ ದಾರಿ ಕಿರಿದಾಗಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮಾದರಿಯಲ್ಲಿ ನಡೆಸುವಂತಿಲ್ಲ ಎಂದು ಯುಜಿಸಿ ಹೇಳಿತು. ಬ್ರಿಟನ್ನಿನ ಆನ್‌ಲೈನ್ ಎಂಎಸ್ಸಿಗಳ ಜಾಹೀರಾತು ಈಗ ಫೋನ್ ತುಂಬ. ಖಾಸಗಿ ಕಂಪನಿಯ ಕೆಲಸಕ್ಕೆ ಅದು ಆಗಬಹುದು. ಆದರೆ ಮುಂದೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ, ಪಿಎಚ್‌ಡಿ ಮಾಡುವ ಇರಾದೆ ಇದ್ದರೆ ಶುಲ್ಕದ ಮೊದಲ ಕಂತಿಗೂ ಮುಂಚೆ ಆ ಪದವಿಗೆ ಭಾರತದಲ್ಲಿ ಸಮಾನತೆ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ.

ಕಾಲೇಜಿನ ಪರಿಚಯ ಸಂಜೆಗೆ ಹೋದಾಗ ಪ್ರಾಧ್ಯಾಪಕರನ್ನು ಕೇಳಬೇಕಾದದ್ದು ನಾಲ್ಕು: ಯಾವ ಯಾವ ಸಂಜೆ ತರಗತಿ, ಎರಡು ವರ್ಷವೂ ಅದೇ ದಿನಗಳೇ? ಡಿಸರ್ಟೇಷನ್ ಮಾರ್ಗದರ್ಶಕರನ್ನು ಯಾವ ತಿಂಗಳು ಕೊಡುತ್ತೀರಿ, ಒಬ್ಬೊಬ್ಬರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ಬಿಪಿಎಸ್‌ನ ಟೆಸ್ಟ್ ಯೂಸರ್ ಅರ್ಹತೆ (ಮನಃಶಾಸ್ತ್ರೀಯ ಪರೀಕ್ಷೆಗಳನ್ನು ಬಳಸುವ ಅರ್ಹತೆ) ಕೋರ್ಸಿನೊಳಗೇ ಇದೆಯೇ, ಅಥವಾ ಬೇರೆ ದುಡ್ಡು ಕೊಟ್ಟು ಮಾಡಿಕೊಳ್ಳಬೇಕೇ? ಮಧ್ಯೆ ಒಂದು ವರ್ಷ ನಿಲ್ಲಿಸಿದರೆ ಉಳಿದ ಕ್ರೆಡಿಟ್ಟಿಗೆ ಹಳೆಯ ಶುಲ್ಕವೋ, ಹೊಸದೋ? ಕೊನೆಯ ಪ್ರಶ್ನೆಗೆ ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.